ಮೂತ್ರಚೀಲ ಉಳಿಯುವುದು ಯಾವಾಗ? ಅಪರೂಪದ ಗೆಡ್ಡೆ, ಸಣ್ಣ ರಂಧ್ರ ಮತ್ತು ಒಂದು ಮೇಣದ ಬಿಲ್ಲೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಬಾಕ್ಸ್ ಎಂದರೆ 15 ಕೆ.ಜಿ. ಸೀಸನ್ನಿನಲ್ಲಿ ಒಬ್ಬ ಹಮಾಲಿ ಬೆಳಗಿನಿಂದ ಮಧ್ಯಾಹ್ನದೊಳಗೆ ಇಂಥ ನೂರಾರು ಬಾಕ್ಸ್ ಎತ್ತಿ ಇಳಿಸುತ್ತಾನೆ. ಹಾಗೆ ಎತ್ತಿ ಇಳಿಸಿಕೊಂಡೇ ಮನೆ ನಡೆಸುವ ಪರಿಚಯದವರೊಬ್ಬರು, ವಯಸ್ಸು ಇನ್ನೂ ಐವತ್ತು ದಾಟಿಲ್ಲ, ಹೋದ ವರ್ಷ ಟೀ ಅಂಗಡಿಯ ಹಿಂದೆ ನನ್ನನ್ನು ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಅಣ್ಣಾ, ಒಂದಕ್ಕೆ ಹೋದ್ರೆ ಲೋಳೆ ಬರ್ತದೆ. ಮೊಟ್ಟೆ ಬಿಳಿ ಇದ್ದಂಗೆ." ರಕ್ತವೂ ಎರಡು ಸಲ ಬಂದಿತ್ತಂತೆ. ನೋವಿಲ್ಲ, ಉರಿಯಿಲ್ಲ. ಉಷ್ಣ ಎಂದುಕೊಂಡು ಕಾಮಕಸ್ತೂರಿ ನೆನೆಸಿದ ನೀರು ಕುಡಿದರು. ಯಾರೋ ಕಲ್ಲಿರಬೇಕು ಎಂದಾಗ ಬಾಳೆದಿಂಡಿನ ರಸ ಕುಡಿದರು. ಬೋರ್‌ವೆಲ್ ನೀರಿನ ಊರುಗಳಲ್ಲಿ ಸೊಂಟದ ಕೆಳಗಿನ ಯಾವ ತೊಂದರೆಗೂ ಮೊದಲ ಉತ್ತರ ಕಲ್ಲೇ. ಹತ್ತಿರದ ಕ್ಲಿನಿಕ್ಕೊಂದರಲ್ಲಿ ಮೂರು ಸಲ ಇನ್‌ಫೆಕ್ಷನ್ ಮಾತ್ರೆ ಬರೆದುಕೊಟ್ಟರು. ಇಷ್ಟರಲ್ಲಿ ಏಳು ತಿಂಗಳು ಕಳೆದಿತ್ತು.

ಸ್ಕ್ಯಾನಿಂಗ್ ಮಾಡಿಸಿದಾಗ ಮೂತ್ರಚೀಲದ ನೆತ್ತಿಯ ಮೇಲೆ ಗೆಡ್ಡೆ ಕಂಡಿತು. ಆಮೇಲಿನ ಎರಡು ದಿನದಲ್ಲಿ ಆ ಮನೆಗೆ ಎರಡು ಸಲಹೆ ಬಂದವು. ಒಂದು, ಚೀಲ ಪೂರ್ತಿ ತೆಗೆಸಿಬಿಡಿ, ಜೀವ ಮುಖ್ಯ. ಇನ್ನೊಂದು, ಬೆಂಗಳೂರಿನಲ್ಲಿ ರೋಬೋಟ್ ಇರುವ ಕಡೆ ಹೋಗಿ, ಸಣ್ಣ ರಂಧ್ರ ಮಾಡಿ ಚೀಲ ಉಳಿಸುತ್ತಾರೆ. ಎರಡನ್ನೂ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆ ಗೆಡ್ಡೆ ಯಾವ ಜಾತಿಯದು ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ಗೆಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಆಗಿರಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಕಲೆತುಹೋಗಿವೆ. ಎಷ್ಟು ತೆಗೆಯಬೇಕು ಎಂಬುದು ಒಂದು. ಯಾವ ದಾರಿಯಿಂದ ಒಳಗೆ ಹೋಗಿ ತೆಗೆಯಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಗೆಡ್ಡೆಯ ಜಾತಿ ಮತ್ತು ಜಾಗ ತೀರ್ಮಾನಿಸುತ್ತವೆ. ಎರಡನೆಯದು ಆಮೇಲಿನ ಮಾತು. ಜಾಹೀರಾತುಗಳಲ್ಲಿ ಮಾತ್ರ ಈ ಕ್ರಮ ತಿರುಗುಮುರುಗಾಗಿ ಬರುತ್ತದೆ.

ಒಂದು ಪದದ ತಕರಾರು ಮೊದಲು ಮುಗಿಸುತ್ತೇನೆ. ಕನ್ನಡದಲ್ಲಿ 'ಮೂತ್ರಕೋಶ' ಎಂದರೆ ಕೆಲವರಿಗೆ ಕಿಡ್ನಿ, ಕೆಲವರಿಗೆ ಮೂತ್ರ ತುಂಬಿಕೊಳ್ಳುವ ಚೀಲ. 'ಮೂತ್ರಕೋಶದ ಕ್ಯಾನ್ಸರ್' ಎಂಬ ಒಂದೇ ಶೀರ್ಷಿಕೆಯಡಿ ಎರಡೂ ಬರುವುದನ್ನು ನೋಡಿದ್ದೇನೆ. ಅದಕ್ಕೇ ಈ ಬರಹದುದ್ದಕ್ಕೂ ಮೂತ್ರಚೀಲ ಎಂದೇ ಬರೆದಿದ್ದೇನೆ.

ಚೀಲ ಪೂರ್ತಿ ತೆಗೆಯುವುದೆಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಡಸರಲ್ಲಿ ಸಾಮಾನ್ಯವಾಗಿ ಅದರ ಜೊತೆ ಪ್ರಾಸ್ಟೇಟ್ ಗ್ರಂಥಿಯೂ ವೀರ್ಯಕೋಶಗಳೂ ಹೋಗುತ್ತವೆ. ಹೆಂಗಸರಲ್ಲಿ ಎಷ್ಟೋ ಸಲ ಗರ್ಭಕೋಶ ಮತ್ತು ಯೋನಿಯ ಒಂದು ಭಾಗ. ಆಮೇಲೆ ಮೂತ್ರ ಹೊರಬರಲು ಹೊಸ ದಾರಿ ಬೇಕು. ಸಣ್ಣ ಕರುಳಿನ ಗೇಣುದ್ದದ ತುಂಡನ್ನು ಕತ್ತರಿಸಿ, ಎರಡೂ ಕಿಡ್ನಿಯ ನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಬಾಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತೆರೆಯುತ್ತಾರೆ. ಅದರ ಮೇಲೆ ಅಂಟಿಸಿದ ಬ್ಯಾಗಿಗೆ ಮೂತ್ರ ಹಗಲೂ ರಾತ್ರಿ ತೊಟ್ಟಿಕ್ಕುತ್ತಿರುತ್ತದೆ. ಬ್ಯಾಗನ್ನು ಕೆಲವು ಗಂಟೆಗೊಮ್ಮೆ ಖಾಲಿ ಮಾಡಬೇಕು, ಕೆಲವು ದಿನಕ್ಕೊಮ್ಮೆ ಬದಲಿಸಬೇಕು, ಜೀವನಪೂರ್ತಿ ಕೊಂಡುಕೊಳ್ಳಬೇಕು. ಕರುಳಿನಿಂದಲೇ ಒಳಗೆ ಹೊಸ ಚೀಲ ಹೊಲಿದುಕೊಡುವ ಕ್ರಮವೂ ಇದೆ. ಆದರೆ ಅದು ಎಲ್ಲರಿಗೂ ಆಗುವುದಿಲ್ಲ, ರಾತ್ರಿ ಸೋರುವ ತಾಪತ್ರಯವೂ ಇರುತ್ತದೆ. ಬ್ಯಾಗ್ ಹಾಕಿಕೊಂಡು ಚೆನ್ನಾಗಿ ಬದುಕುತ್ತಿರುವವರು ಬಹಳ ಮಂದಿ ಇದ್ದಾರೆ, ಅದು ಲೋಕದ ಕೊನೆಯಲ್ಲ. ಆದರೆ ದಿನವಿಡೀ ಭಾರ ಎತ್ತುವವರಿಗೆ ಆ ತೂತಿನ ಪಕ್ಕದಲ್ಲೇ ಹರ್ನಿಯಾ ಎದ್ದುಕೊಳ್ಳುವ ಅಪಾಯ ಹೆಚ್ಚು. ಮಂಡಿಯ ಹಮಾಲಿಯ ಮಟ್ಟಿಗೆ ಇದು ಉದ್ಯೋಗದ ಪ್ರಶ್ನೆಯೇ.

ಹಾಗಿದ್ದರೆ ಎಲ್ಲರಿಗೂ ಗೆಡ್ಡೆ ಇರುವಷ್ಟೇ ಭಾಗ ಕತ್ತರಿಸಿ ಉಳಿದದ್ದನ್ನು ಹೊಲಿದರಾಯಿತಲ್ಲ? ಆಗುವುದಿಲ್ಲ. ಮೂತ್ರಚೀಲದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹುಟ್ಟುವುದು ಚೀಲದ ಒಳಪದರದಲ್ಲಿ. ಅದನ್ನು ಯುರೋಥೀಲಿಯಲ್ ಕ್ಯಾನ್ಸರ್ ಎನ್ನುತ್ತಾರೆ. ಇದೇ ಪದರ ಕಿಡ್ನಿಯ ಒಳಗಿನಿಂದ ಹಿಡಿದು ಮೂತ್ರನಾಳದವರೆಗೆ ಹಾಸಿಕೊಂಡಿದೆ. ಬೀಡಿ, ಸಿಗರೇಟಿನ ವಿಷ ರಕ್ತ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದಲ್ಲಿ ಬೆರೆತು ಈ ಇಡೀ ಪದರವನ್ನು ವರ್ಷಗಟ್ಟಲೆ ನೆನೆಸುತ್ತದೆ. ಗೆಡ್ಡೆ ಒಂದು ಕಡೆ ತಲೆ ಎತ್ತಿದ್ದರೂ ಬೀಜ ಹೊಲವೆಲ್ಲ ಬಿದ್ದಿರುತ್ತದೆ. ಒಂದು ಸಾಲು ಕಿತ್ತರೆ ಇನ್ನೊಂದು ಸಾಲು ಮೊಳೆಯುತ್ತದೆ. ಅದಕ್ಕೇ ಮಾಂಸಖಂಡಕ್ಕೆ ಇಳಿದ ಸಾಮಾನ್ಯ ಕ್ಯಾನ್ಸರಿನಲ್ಲಿ ಅರ್ಧ ಚೀಲ ಉಳಿಸುವ ಸರ್ಜರಿ ಬಹಳ ಕಡಿಮೆ ಜನಕ್ಕೆ ಒಪ್ಪುತ್ತದೆ. ಅಂಥವರಲ್ಲಿ ಕೆಲವರಿಗೆ ಚೀಲ ಉಳಿಸುವ ಇನ್ನೊಂದು ದಾರಿ ಇದೆ: ಒಳಗಿನಿಂದ ಗೆಡ್ಡೆಯನ್ನು ಆದಷ್ಟೂ ಕೆರೆದು ತೆಗೆದು, ಕೀಮೊ ಮತ್ತು ರೇಡಿಯೇಷನ್ ಒಟ್ಟಿಗೆ ಕೊಡುವುದು. ಅದರ ಚರ್ಚೆಗೆ ಇನ್ನೊಂದು ಲೇಖನವೇ ಬೇಕು.

ಉಳಿದ ಹತ್ತರೊಳಗೆ ಬರುವವು ಅಪರೂಪದವು. ವಿಚಿತ್ರವೆಂದರೆ ಹೆಸರು ಕೇಳಿದರೆ ಹೆದರಿಕೆ ಹುಟ್ಟಿಸುವ ಈ ಅಪರೂಪದ ಗೆಡ್ಡೆಗಳಲ್ಲೇ ಕೆಲವು ಚೀಲ ಉಳಿಸಲು ತಕ್ಕವು. ಅವು ಒಳಪದರವೆಲ್ಲ ಹರಡಿದ ರೋಗವಲ್ಲ. ಒಂದೇ ಕಡೆ, ಬೇರೆ ಜಾತಿಯ ಕೋಶಗಳಿಂದ, ಬೇರೆ ಕಾರಣಕ್ಕೆ ಹುಟ್ಟಿದವು. ಹೊಲ ಸ್ವಚ್ಛವಾಗಿರುತ್ತದೆ, ಬದುವಿನ ಮೇಲೆ ಒಂದು ಗಿಡ ಎದ್ದಿರುತ್ತದೆ.

ನಮ್ಮ ಹಮಾಲಿಯವರಿಗೆ ಬಂದದ್ದು ಇಂಥದ್ದೇ. ಯುರೇಕಸ್ ಎಂಬ ನಾಳದ ಕ್ಯಾನ್ಸರ್. ಮೂತ್ರಚೀಲದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮಗು ಬಸಿರಲ್ಲಿರುವಾಗ ಅದರ ಮೂತ್ರಚೀಲದಿಂದ ಹೊಕ್ಕುಳಬಳ್ಳಿಗೆ ಒಂದು ಕೊಳವೆ ಇರುತ್ತದೆ. ಹುಟ್ಟುವ ಹೊತ್ತಿಗೆ ಅದು ಮುಚ್ಚಿಕೊಂಡು ಚೀಲದ ನೆತ್ತಿಯಿಂದ ಹೊಕ್ಕುಳಿನವರೆಗೆ ಒಂದು ದಾರದಂತೆ ಉಳಿದುಬಿಡುತ್ತದೆ. ನಮ್ಮೆಲ್ಲರ ಹೊಟ್ಟೆಯಲ್ಲೂ ಆ ದಾರ ಇದೆ, ಅದಕ್ಕೆ ಈಗ ಯಾವ ಕೆಲಸವೂ ಇಲ್ಲ. ಎಲ್ಲೋ ಒಬ್ಬರಲ್ಲಿ ಅದರೊಳಗೆ ಉಳಿದ ಕೋಶಗಳು ದಶಕಗಳಾದ ಮೇಲೆ ಕೆಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಂತೆಯೇ ಕಾಣುತ್ತವೆ, ಲೋಳೆ ಸುರಿಸುತ್ತವೆ. ಮೂತ್ರದಲ್ಲಿ ಮೊಟ್ಟೆಯ ಬಿಳಿಯಂತೆ ಬಂದದ್ದು ಅದೇ. ಎಲ್ಲರಿಗೂ ಲೋಳೆ ಬರುವುದಿಲ್ಲ, ಆದರೆ ಬಂದರೆ ಅದನ್ನು ಇನ್‌ಫೆಕ್ಷನ್ ಎಂದು ತಳ್ಳಿಹಾಕುವ ಮುಂಚೆ ಒಂದು ಸ್ಕ್ಯಾನ್ ಆಗಲೇಬೇಕಿತ್ತು.

ಇದು ಚೀಲದ ಹೊರಗಿನಿಂದ ಒಳಕ್ಕೆ ಬೆಳೆಯುವ ಗೆಡ್ಡೆಯಾದ್ದರಿಂದ ತಡವಾಗಿ ಗೊತ್ತಾಗುತ್ತದೆ. ಚೀಲದೊಳಗೆ ಮೂಗು ತೂರಿಸುವ ಹೊತ್ತಿಗೆ ಹೊರಗೆ ಸಾಕಷ್ಟು ಬೆಳೆದಿರುತ್ತದೆ. ಸಿ.ಟಿ.ಯಲ್ಲಿ ನೆತ್ತಿಯ ಮೇಲೆ, ಸರಿಯಾಗಿ ನಡುಗೆರೆಯಲ್ಲಿ, ಸುಣ್ಣದ ಚುಕ್ಕೆಗಳಿರುವ ಗೆಡ್ಡೆ ಕಂಡರೆ ಪಳಗಿದ ರೇಡಿಯಾಲಜಿಸ್ಟ್ ಅಲ್ಲೇ ಯುರೇಕಸ್ ಎಂದು ಅನುಮಾನ ಬರೆಯುತ್ತಾರೆ. ಅದು ಕರುಳಿನಿಂದಲೇ ಬಂದ ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳಲು ಕೊಲೊನೋಸ್ಕೋಪಿಯೂ ಮಾಡಿಸುತ್ತಾರೆ. "ಉಚ್ಚೆ ತೊಂದ್ರೆಗೆ ಹಿಂದಿನಿಂದ ಯಾಕೆ ಪೈಪ್ ಹಾಕ್ತಾರೆ" ಎಂದು ನಮ್ಮ ಹಮಾಲಿಯವರ ತಮ್ಮ ಜಗಳಕ್ಕೇ ನಿಂತಿದ್ದರು. ಕೇಳಿದ್ದು ತಪ್ಪಲ್ಲ, ಆದರೆ ಯಾರೂ ಕೂರಿಸಿಕೊಂಡು ಉತ್ತರ ಹೇಳಿರಲಿಲ್ಲ.

ಬೀಡಿ ಸೇದಿದ್ದಕ್ಕೆ ಬಂತೇ, ನೀರಿನಿಂದ ಬಂತೇ ಎಂಬ ಪ್ರಶ್ನೆ ಕೋಲಾರದಲ್ಲಿ ಬಂದೇ ಬರುತ್ತದೆ. ತಂಬಾಕು ಸಾಮಾನ್ಯ ಮೂತ್ರಚೀಲ ಕ್ಯಾನ್ಸರಿನ ದೊಡ್ಡ ಕಾರಣ, ಅದರಲ್ಲಿ ಅನುಮಾನವಿಲ್ಲ. ನೀರಿನಲ್ಲಿರುವ ಆರ್ಸೆನಿಕ್ ಕೂಡ ಗೊತ್ತಿರುವ ಕಾರಣ. ನಮ್ಮ ಕಡೆಯ ಫ್ಲೋರೈಡ್ ಹಲ್ಲು, ಮೂಳೆ ಹಾಳುಮಾಡುವುದಕ್ಕೆ ಹೆಸರುವಾಸಿ, ಅದಕ್ಕೆ ಈ ಪಟ್ಟ ಕಟ್ಟಬೇಕಿಲ್ಲ. ಯುರೇಕಸ್ ಗೆಡ್ಡೆಗಂತೂ ಇವುಗಳಲ್ಲಿ ಯಾವುದರ ನಂಟೂ ಸಾಬೀತಾಗಿಲ್ಲ.

ಇದರ ಸರ್ಜರಿಯ ನಿಯಮ ಮೂರು ತುಂಡುಗಳದ್ದು, ಆದರೆ ಮೂರೂ ಒಂದೇ ತುಂಡಾಗಿ ಬರಬೇಕು: ಚೀಲದ ನೆತ್ತಿಭಾಗ, ಆ ದಾರ, ಜೊತೆಗೆ ಹೊಕ್ಕುಳು. ದಾರದುದ್ದಕ್ಕೂ ರೋಗ ಹರಿದಿರಬಹುದು ಎಂಬುದೇ ಹೊಕ್ಕುಳು ತೆಗೆಯುವುದಕ್ಕೆ ಕಾರಣ. ನಡುವೆ ಎಲ್ಲೂ ಕತ್ತರಿಸಿ ತುಂಡು ಮಾಡುವಂತಿಲ್ಲ. ಪಕ್ಕದ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನೆತ್ತಿ ಎಂಬ ಜಾಗ ಇಲ್ಲಿ ಅದೃಷ್ಟದ ಜಾಗ. ಕಿಡ್ನಿಯ ನಾಳಗಳು ಬಂದು ಸೇರುವುದು, ಮೂತ್ರ ಹಿಡಿದಿಡುವ ಬಿಗಿಸ್ನಾಯು ಇರುವುದು ಎಲ್ಲ ಚೀಲದ ಬುಡದಲ್ಲಿ. ನೆತ್ತಿ ಹೋದರೂ ಬುಡ ಹಾಗೇ ಉಳಿಯುತ್ತದೆ. ಇದೇ ಗೆಡ್ಡೆ ಬುಡದಲ್ಲಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಸಂಖ್ಯೆಯನ್ನೂ ಮುಚ್ಚಿಡಬಾರದು: ಈ ರೋಗ ಬಂದವರಲ್ಲಿ ಐದು ವರ್ಷ ದಾಟುವವರು ಹೆಚ್ಚುಕಡಿಮೆ ಅರ್ಧದಷ್ಟು. ಆ ಅರ್ಧದಲ್ಲಿ ಸೇರಲು ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿಲ್ಲದಿರುವುದು, ಗ್ರಂಥಿಗಳಿಗೆ ಹರಡಿಲ್ಲದಿರುವುದು.

ಇನ್ನೊಂದು ಅಪರೂಪದ ಗೆಡ್ಡೆಯ ಕಥೆ ಇನ್ನೂ ವಿಚಿತ್ರ. ಪ್ಯಾರಾಗ್ಯಾಂಗ್ಲಿಯೋಮ ಎಂದು ಹೆಸರು. ಚೀಲದ ಗೋಡೆಯಲ್ಲಿ ಕೂತು ಅಡ್ರಿನಲಿನ್ ಥರದ ಹಾರ್ಮೋನು ಸುರಿಸುತ್ತದೆ. ಮೂತ್ರ ಮಾಡುವಾಗ ಚೀಲ ಹಿಂಡಿಕೊಂಡಾಗ ಈ ಗೆಡ್ಡೆಯೂ ಹಿಂಡಿಕೊಳ್ಳುತ್ತದೆ. ಬಿ.ಪಿ. ಧಿಡೀರನೆ ಏರುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ಕೆಲವರು ಬಚ್ಚಲಲ್ಲೇ ಬಿದ್ದುಬಿಡುತ್ತಾರೆ. ಊರಲ್ಲಿ ಇದಕ್ಕೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿದರೆ ಆಶ್ಚರ್ಯವಿಲ್ಲ. ಇಂಥವರ ಚೀಲಕ್ಕೆ ಮುಂಚೆ ತಯಾರಿಲ್ಲದೆ ಕೆರೆಯುವ ಉಪಕರಣ ಮುಟ್ಟಿಸಿದರೆ ಟೇಬಲ್ಲಿನ ಮೇಲೆಯೇ ಬಿ.ಪಿ. ಕೈಮೀರಬಹುದು. ಅನುಮಾನ ಬಂದರೆ ಮೊದಲು ರಕ್ತ ಇಲ್ಲವೇ ಮೂತ್ರದಲ್ಲಿ ಆ ಹಾರ್ಮೋನಿನ ಗುರುತು ಹಿಡಿಯುವ ಮೆಟಾನೆಫ್ರಿನ್ ಪರೀಕ್ಷೆ ಆಗಬೇಕು. ಆಮೇಲೆ ಒಂದೆರಡು ವಾರ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು, ನೀರು, ಉಪ್ಪು ಚೆನ್ನಾಗಿ ಕೊಟ್ಟು ರಕ್ತನಾಳಗಳನ್ನು ಸಡಿಲಿಸಿಕೊಳ್ಳಬೇಕು. ಸರ್ಜರಿ ಅದಾದ ಮೇಲೆಯೇ. ತಯಾರಿ ಸರಿಯಾಗಿದ್ದರೆ ಆ ಭಾಗವಷ್ಟೇ ತೆಗೆದು ಚೀಲ ಉಳಿಸುವುದು ಇದರಲ್ಲಿ ಮಾಮೂಲಿ. ಇದು ವಂಶದಲ್ಲಿ ಹರಿಯುವ ಸಾಧ್ಯತೆ ಇರುವುದರಿಂದ ಜೀನ್ ಪರೀಕ್ಷೆಗೂ ಹೇಳುತ್ತಾರೆ.

ಎಲ್ಲ ಅಪರೂಪದವೂ ಹೀಗೆ ಎಂದುಕೊಳ್ಳಬೇಡಿ. ಸ್ಮಾಲ್ ಸೆಲ್ ಎಂಬ ಜಾತಿ ಮೊದಲಿನಿಂದಲೇ ಮೈಯೆಲ್ಲ ಹರಡುವ ಸ್ವಭಾವದ್ದು. ಅದಕ್ಕೆ ಕೀಮೊ ಮೊದಲು, ಕತ್ತಿ ಆಮೇಲೆ, ಎಷ್ಟೋ ಸಲ ಕತ್ತಿಯ ಬದಲು ರೇಡಿಯೇಷನ್. ವರ್ಷಗಟ್ಟಲೆ ಕಲ್ಲು, ಕ್ಯಾತಿಟರ್ (ಮೂತ್ರ ಹೊರಬರಲು ಹಾಕುವ ನಳಿಗೆ), ಸೋಂಕು ಇದ್ದವರಲ್ಲಿ ಬರುವ ಸ್ಕ್ವೇಮಸ್ ಜಾತಿಗೆ ಸಾಮಾನ್ಯವಾಗಿ ಪೂರ್ತಿ ಚೀಲ ತೆಗೆಯುವುದೇ ದಾರಿ. ಇಷ್ಟು ಬೇರೆ ಬೇರೆ ದಾರಿಗಳಿರುವಾಗ ಬಯಾಪ್ಸಿಗೆ ಮುಂಚೆಯೇ 'ಉಳಿಸುತ್ತೇವೆ' ಎನ್ನುವುದೂ 'ತೆಗೆಯಲೇಬೇಕು' ಎನ್ನುವುದೂ ಒಂದೇ ತಪ್ಪಿನ ಎರಡು ರೂಪ.

ಈಗ ರಂಧ್ರದ ಮಾತು. ರೋಬೋಟ್ ಎಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ ಎಂದು ತಿಳಿದವರು ಈಗಲೂ ಇದ್ದಾರೆ. ಸರ್ಜನ್ ಪಕ್ಕದ ಕನ್ಸೋಲಿನಲ್ಲಿ ಕೂತು ಕೈಯಾಡಿಸುತ್ತಾರೆ, ಎಂಟು ಮಿಲಿಮೀಟರ್ ರಂಧ್ರಗಳ ಮೂಲಕ ಒಳಹೋದ ತೋಳುಗಳು ಅದನ್ನೇ ಅನುಸರಿಸುತ್ತವೆ, ಅಷ್ಟೇ. ಚೀಲ ಪೂರ್ತಿ ತೆಗೆಯುವ ಸರ್ಜರಿಯಲ್ಲಿ ರೋಬೋಟನ್ನೂ ತೆರೆದ ಹೊಟ್ಟೆಯ ಕ್ರಮವನ್ನೂ ಹೋಲಿಸಿದ ಅಮೆರಿಕದ ರೇಜರ್ ಟ್ರಯಲ್ 2018ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ಉಳಿದವರು ಒಂದು ಕಡೆ ಶೇ 72.3, ಇನ್ನೊಂದು ಕಡೆ ಶೇ 71.6. ಅಂದರೆ ಕ್ಯಾನ್ಸರ್ ಗುಣವಾಗುವ ವಿಷಯದಲ್ಲಿ ಸಮಸಮ. ರೋಬೋಟಿನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಆಸ್ಪತ್ರೆಯಲ್ಲಿ ಇರುವ ದಿನ ಕಡಿಮೆ, ಆಪರೇಷನ್ ಹೊತ್ತು ಮಾತ್ರ ಹೆಚ್ಚು.

ಅದೇ 2018ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಇನ್ನೊಂದು ಟ್ರಯಲ್ ಬಂತು. ಅದು ಜಗತ್ತಿನ ಸರ್ಜನ್‌ಗಳನ್ನೆಲ್ಲ ಬೆಚ್ಚಿಬೀಳಿಸಿತು. ಸಣ್ಣ ರಂಧ್ರದ ಸರ್ಜರಿ ಆದವರಲ್ಲಿ ನಾಲ್ಕೂವರೆ ವರ್ಷದ ಹೊತ್ತಿಗೆ ರೋಗ ಮರಳದೆ ಉಳಿದವರು ಶೇ 86. ಹೊಟ್ಟೆ ತೆರೆದು ಮಾಡಿಸಿಕೊಂಡವರಲ್ಲಿ ಶೇ 96.5. ರಂಧ್ರ ಸಣ್ಣದಾದ ಮಾತ್ರಕ್ಕೆ ಫಲ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಪರೂಪದ ಮೂತ್ರಚೀಲದ ಗೆಡ್ಡೆಗಳಿಗೆ ಇಂಥ ದೊಡ್ಡ ಹೋಲಿಕೆ ಆಗಿಲ್ಲ. ಅಷ್ಟು ರೋಗಿಗಳೇ ಒಂದು ಕಡೆ ಸಿಗುವುದಿಲ್ಲ. ಇರುವುದು ಸಣ್ಣ ಸಣ್ಣ ವರದಿಗಳು, ಮತ್ತು ಮಾಡಿ ಮಾಡಿ ಕೈ ಪಳಗಿದವರ ಅನುಭವ. ನನ್ನ ಮಟ್ಟಿಗೆ ಹೇಳುವುದಾದರೆ, ಲ್ಯಾಪ್ರೋಸ್ಕೋಪಿಯೋ (ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ, ಉಪಕರಣ ಇಳಿಸಿ ಸರ್ಜನ್ ಕೈಯಿಂದಲೇ ಮಾಡುವುದು) ರೋಬೋಟೋ ತೆರೆದ ಸರ್ಜರಿಯೋ ಎಂಬುದಕ್ಕಿಂತ, ಚೀಲ ಕತ್ತರಿಸುವಾಗ ಒಳಗಿನದು ಹೊಟ್ಟೆಯೊಳಗೆ ಚೆಲ್ಲದಂತೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ದೊಡ್ಡದು. ಕ್ಯಾನ್ಸರ್ ಇರುವ ಚೀಲ ತೂತಾಗಿ ಮೂತ್ರ ಚೆಲ್ಲಿದರೆ ಕೋಶಗಳು ಹೊಟ್ಟೆಯ ಗೋಡೆಯಲ್ಲಿ, ರಂಧ್ರ ಮಾಡಿದ ಜಾಗದಲ್ಲೇ ಬೇರೂರಬಹುದು.

ಚೆನ್ನಾಗಿ ಮಾಡಿದಾಗ ಅದು ಹೇಗಿರುತ್ತದೆ? ರೋಗಿಯ ತಲೆ ತಗ್ಗಿಸಿ ಮಲಗಿಸುತ್ತಾರೆ, ಕರುಳು ಎದೆಯ ಕಡೆಗೆ ಸರಿಯುತ್ತದೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲಿ ಕ್ಯಾಮೆರಾ ಹೊಕ್ಕುಳಲ್ಲೇ ಇಳಿಯುತ್ತದೆ. ಇಲ್ಲಿ ಹೊಕ್ಕುಳೇ ತೆಗೆಯಬೇಕಾದ್ದರಿಂದ ಅದಕ್ಕಿಂತ ಮೇಲೆ ತೂತು. ಅತ್ತ ಇನ್ನೊಬ್ಬ ವೈದ್ಯರು ಮೂತ್ರದ ದಾರಿಯಿಂದ ಸಿಸ್ಟೋಸ್ಕೋಪ್ ಎಂಬ ಬೆಳಕಿನ ದುರ್ಬೀನು ಒಳಗೆ ಬಿಟ್ಟಿರುತ್ತಾರೆ. ಹೊಟ್ಟೆಯೊಳಗಿನ ಕ್ಯಾಮೆರಾದ ಬೆಳಕನ್ನು ಒಮ್ಮೆ ತಗ್ಗಿಸಿದರೆ ಚೀಲದ ಗೋಡೆಯ ಆಚೆಯಿಂದ ಸಿಸ್ಟೋಸ್ಕೋಪಿನ ಬೆಳಕು, ಮುಷ್ಟಿಯೊಳಗೆ ಹಿಡಿದ ಟಾರ್ಚಿನಂತೆ ಕೆಂಪಗೆ ಕಾಣುತ್ತದೆ. ಒಳಗಿನವರು ಗೆಡ್ಡೆಯ ಸುತ್ತ ಬೆಳಕು ತಿರುಗಿಸುತ್ತ ಅಂಚು ತೋರಿಸುತ್ತಾರೆ, ಹೊರಗಿನವರು ಅಲ್ಲಿಂದ ಒಂದೆರಡು ಸೆಂಟಿಮೀಟರ್ ಬಿಟ್ಟು ಗುರುತು ಸುಡುತ್ತಾರೆ. ಚೀಲ ಖಾಲಿ ಮಾಡಿ ಆಮೇಲೆ ಕತ್ತರಿಸುತ್ತಾರೆ. ತೆಗೆದದ್ದು ತಕ್ಷಣ ಪ್ಲಾಸ್ಟಿಕ್ ಚೀಲದೊಳಕ್ಕೆ. ಅನುಮಾನವಿದ್ದರೆ ಅಂಚಿನ ತುಣುಕನ್ನು ಅಲ್ಲೇ ಹೆಪ್ಪುಗಟ್ಟಿಸಿ ನೋಡಿಸುತ್ತಾರೆ, ಅರ್ಧ ಗಂಟೆಯೊಳಗೆ ಲ್ಯಾಬಿನಿಂದ ಫೋನ್ ಬರುತ್ತದೆ. ಉಳಿದ ಚೀಲವನ್ನು ಎರಡು ಪದರವಾಗಿ ಹೊಲಿದು, ಸಲೈನ್ ತುಂಬಿಸಿ ಸೋರುತ್ತದೆಯೇ ನೋಡುತ್ತಾರೆ. ಹೊಕ್ಕುಳಿನ ಸುತ್ತ ಕೊಯ್ದು, ಅದೇ ದಾರಿಯಿಂದ ಎಲ್ಲವನ್ನೂ ಒಂದೇ ತುಂಡಾಗಿ ಹೊರಗೆಳೆಯುತ್ತಾರೆ.

ಕೋಲಾರದವರ ಕಷ್ಟ ಈ ಥಿಯೇಟರಿಗೆ ಬಹಳ ಮುಂಚೆಯೇ ಶುರುವಾಗಿರುತ್ತದೆ. ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ, ವಿಕ್ಟೋರಿಯಾ ಆವರಣದ ನೆಫ್ರೊ-ಯೂರಾಲಜಿ ಸಂಸ್ಥೆ ಇವೆ. ಎಪ್ಪತ್ತು ಕಿಲೋಮೀಟರ್ ಅಷ್ಟೇನೂ ದೂರವಲ್ಲ, ಕೆ.ಆರ್. ಪುರದ ಟ್ರಾಫಿಕ್ ಬಿಟ್ಟರೆ. ಆದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ರೋಗಿಯ ಕೈಯಲ್ಲಿರುವುದು ಸಾಮಾನ್ಯವಾಗಿ ಒಂದು ಹಾಳೆಯ ರಿಪೋರ್ಟ್ ಮಾತ್ರ. ಕೆರೆದು ತೆಗೆದ ಚೂರನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿ ಬೆರಳಗಲದ ಬಿಲ್ಲೆ ಮಾಡಿಡುತ್ತಾರೆ. ಅದಕ್ಕೆ ಬ್ಲಾಕ್ ಎಂದು ಹೆಸರು. ಅದರಿಂದ ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟದ್ದು ಸ್ಲೈಡ್. ಅಪರೂಪದ ಗೆಡ್ಡೆಗಳಲ್ಲಿ ಮೊದಲ ರಿಪೋರ್ಟಿನ ಹೆಸರು ಬದಲಾಗುವುದು ಅಪರೂಪವಲ್ಲ. ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿಸ್ಟ್ ಬ್ಲಾಕ್ ತರಿಸಿಕೊಂಡು ವಿಶೇಷ ಬಣ್ಣಗಳನ್ನು ಹಾಕಿ ಮತ್ತೆ ನೋಡುತ್ತಾರೆ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಬ್ಲಾಕನ್ನು ರೋಗಿ ಕೇಳಿ ಪಡೆಯಬಹುದು, ಸಾಮಾನ್ಯವಾಗಿ ಒಂದು ರಸೀದಿ ಬರೆಸಿಕೊಂಡು ಕೊಡುತ್ತಾರೆ. ನಮ್ಮವರ ಬ್ಲಾಕಿಗಾಗಿ ಅವರ ತಮ್ಮ ಬಂಗಾರಪೇಟೆಯಿಂದ ರೈಲು ಹತ್ತಿ ಎರಡು ಸಲ ಓಡಾಡಿದರು. ಮೊದಲ ರಿಪೋರ್ಟಿನಲ್ಲಿ ಮಾಮೂಲಿ ಕ್ಯಾನ್ಸರ್ ಎಂದಿತ್ತು. ಎರಡನೆಯದರಲ್ಲಿ ಯುರೇಕಸ್. ಪೂರ್ತಿ ಚೀಲ ತೆಗೆಯುವ ದಿನ ಗೊತ್ತಾಗಿದ್ದು ರದ್ದಾದದ್ದು ಆ ಎರಡನೆಯ ಹಾಳೆಯಿಂದ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಿಲ್ಲದೆ ನೇರ ಹೋದವರು ಕೌಂಟರಿನಲ್ಲಿ ತಲೆ ಮೇಲೆ ಕೈಹೊತ್ತು ನಿಲ್ಲುತ್ತಾರೆ. ರೋಬೋಟಿಗೆ ಬೇರೆ ಬಿಲ್ ಇದೆಯೇ ಎಂದು ಅಡ್ಮಿಟ್ ಆಗುವ ಮುಂಚೆ ಬಾಯಿಬಿಟ್ಟು ಕೇಳಬೇಕು. ಇದೆ ಎಂದರೆ, ಇದೇ ಕೆಲಸವನ್ನು ಲ್ಯಾಪ್ರೋಸ್ಕೋಪಿಯಲ್ಲಿ ಮಾಡುತ್ತೀರಾ, ಇಂಥ ಕೇಸ್ ಎಷ್ಟು ಮಾಡಿದ್ದೀರಿ ಎಂಬುದು ಮುಂದಿನ ಪ್ರಶ್ನೆ. ರೋಬೋಟಿಗಾಗಿ ಹೊಲ ಅಡವಿಡುವಂಥ ವ್ಯತ್ಯಾಸ ಈ ಸರ್ಜರಿಯಲ್ಲಿ ನನಗೆ ಕಂಡಿಲ್ಲ.

ನಮ್ಮವರಿಗೆ ಆದದ್ದು ಲ್ಯಾಪ್ರೋಸ್ಕೋಪಿ. ಹತ್ತು ದಿನ ಕ್ಯಾತಿಟರ್ ಇತ್ತು. ಮೂತ್ರದ ಬ್ಯಾಗನ್ನು ಜವಳಿ ಅಂಗಡಿಯ ಕವರಿನೊಳಗಿಟ್ಟು, ಟವೆಲ್ ಹೊದಿಸಿಕೊಂಡು ಮೆಜೆಸ್ಟಿಕ್ಕಿನಿಂದ ಬಸ್ಸಿನಲ್ಲೇ ಬಂದರು. ಮೊದಲ ತಿಂಗಳು ಗಂಟೆಗೊಮ್ಮೆ ಒಂದಕ್ಕೆ ಹೋಗಬೇಕಿತ್ತು. ಸಾಮಾನ್ಯವಾಗಿ ನಾಲ್ಕೈದು ನೂರು ಮಿಲಿಲೀಟರ್ ಹಿಡಿಯುವ ಚೀಲ ಅರ್ಧಕ್ಕೂ ಕಡಿಮೆ ಆಗಿರುತ್ತದೆ, ತಿಂಗಳು ಕಳೆದಂತೆ ನಿಧಾನವಾಗಿ ಹಿಗ್ಗುತ್ತದೆ. ಈಗ ಎರಡೂವರೆ ಗಂಟೆ ತಡೆಯುತ್ತಾರೆ. ಬಾಕ್ಸ್ ಎತ್ತುವುದಕ್ಕೆ ಇನ್ನೂ ಅನುಮತಿ ಸಿಕ್ಕಿಲ್ಲ, ಮಂಡಿಯವರು ಚೀಟಿ ಬರೆಯಲು ಕೂರಿಸಿದ್ದಾರೆ. ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ, ಆಗಾಗ ಸಿ.ಟಿ. ಮುಂದಿನ ತಾರೀಖು ಜುಲೈಯಲ್ಲಿ ಬಿದ್ದಿದೆ, ಯಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲದ ತಿಂಗಳು. ಒಂದು ವಾರ ಮುಂದಕ್ಕೆ ಹಾಕಿಸಬಹುದಾ ಅಣ್ಣಾ ಎಂದು ಮೊನ್ನೆ ಫೋನ್ ಮಾಡಿದ್ದರು. ವಾರ ಬೇಡ, ಬೇಕಾದರೆ ಮೂರು ದಿನ ಮುಂಚೆಯೇ ಬರುತ್ತೇವೆ ಎಂದು ಕೇಳಿ ಅಂದೆ.